ಬೆಟ್ಟವಿಲ್ಲದ ದೇಶ

ನನ್ನ ಅಕ್ಕನ ಗಂಡ ಯಾವ ದೇಶಕ್ಕೆ ಹೋದರು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೊಂದು ದ್ವೀಪ ಅನ್ನುವುದಷ್ಟೇ ಗೊತ್ತಿತ್ತು.

ಎಂಬತ್ತರ ದಶಕದ ಶುರುವಿನ ಮಾತು. ನಾವು ತುಮಕೂರಿನ ಮಂಡಿಪೇಟೆಯ ಹಿಂದಿನ ಒಂದು ಗಲ್ಲಿಯಲ್ಲಿದ್ದೆವು. ಅಬ್ಬಾ ತಗಡಿನ ಕೆಲಸದವರು. ಟ್ರಂಕು, ಸೀಮೆಎಣ್ಣೆ ಡಬ್ಬ ಮಾಡಿ ಮಾರುತ್ತಿದ್ದರು. ಅಮ್ಮಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದ್ದು ಆಪಾ, ಅಂದರೆ ನನ್ನ ಅಕ್ಕ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಒಲೆಯ ಮುಂದೆ ಕೂತವಳು ಅವಳು. ಅವಳು ಕೂತದ್ದರಿಂದ ನಾನು ಓದಿದೆ, ಗುಬ್ಬಿಯ ಒಂದು ಶಾಲೆಯಲ್ಲಿ ಸಮಾಜ ಪಾಠದ ಟೀಚರಾದೆ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದೆ. ಮನೆಯೊಳಗೆ ನಮ್ಮದು ಉರ್ದು. ಆಪಾ ಮದುವೆಯಾಗಿ ಕುಣಿಗಲ್ಲಿಗೆ ಹೋದ ಮೇಲೆ ಅವಳ ಬಾಯಿಗೆ ಅಲ್ಲಿನ ಕನ್ನಡವೂ ಬಂದು, ನಾವಿಬ್ಬರೂ ಅರ್ಧ ಅದು, ಅರ್ಧ ಇದು ಮಾತಾಡುತ್ತಿದ್ದೆವು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆಪಾಳ ಗಂಡನನ್ನು ನಾನು ದುಲ್ಹಾಭಾಯಿ ಅನ್ನುತ್ತಿದ್ದೆ. ಅವರ ತಂದೆ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದು, ಆಗಲೇ ತೀರಿಕೊಂಡಿದ್ದರು. ತಾಯಿ ಬಸ್ ಸ್ಟ್ಯಾಂಡಿನ ಪಕ್ಕ ಟೀ ಅಂಗಡಿ ಇಟ್ಟಿದ್ದರು. ದುಲ್ಹಾಭಾಯಿ ವೆಲ್ಡರ್. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಿಟಕಿ ಸರಳು, ಗೇಟು ಬೆಸೆಯುತ್ತಿದ್ದರು. ಬೆಸುಗೆಯ ಬೆಳಕಿಗೆ ಕಣ್ಣು ಉರಿ ಹತ್ತಿದ ದಿನ ಆಲೂಗಡ್ಡೆ ಹೋಳುಗಳನ್ನು ಕಣ್ಣಿನ ಮೇಲಿಟ್ಟುಕೊಂಡು ಮಲಗುತ್ತಿದ್ದರು. ಮಗಳು ಬಂದು ಒಂದು ಹೋಳನ್ನು ಎತ್ತಿ, ಅಬ್ಬಾ ಒಳಗಿದ್ದಾರಾ ಅಂತ ನೋಡುತ್ತಿದ್ದಳು. ಆ ವರ್ಕ್‌ಶಾಪು ಬಾಗಿಲು ಹಾಕಿತು. ಅಂತರಸನಹಳ್ಳಿವರೆಗೂ ಸೈಕಲ್ ತುಳಿದು ಎಲ್ಲ ಕಡೆ ಕೇಳಿದರೂ ಕೆಲಸ ಸಿಗಲಿಲ್ಲ. ಕೊನೆಗೆ ಬೆಂಗಳೂರಿನ ಒಬ್ಬ ಏಜೆಂಟನನ್ನು ಹಿಡಿದರು.

ಹೊರಟ ದಿನ ತುಮಕೂರು ಬಸ್ ಸ್ಟ್ಯಾಂಡಿಗೆ ನಾವೆಲ್ಲ ಹೋಗಿದ್ದೆವು. ಆಪಾ ಬಸ್ಸಿನ ಕಿಟಕಿಯ ಕಂಬಿ ಹಿಡಿದುಕೊಂಡು, "ಎಲ್ಲಿಗೆ ಅಂತ ಇನ್ನೊಂದ್ಸಲ ಸರಿಯಾಗ್ ಹೇಳ್ರೀ" ಅಂದಳು.

"ಬಹರೈನ್ ಅಂತೆ. ಸುತ್ತ ಸಮುದ್ರ. ನಿನ್ ತಂಗೀನ್ ಕೇಳು, ಅವ್ಳು ಪಾಠ ಮಾಡ್ತಾಳಲ್ಲ" ಅಂದರು.

ಒಂದು ವಾರದ ಮೇಲೆ ನಮ್ಮ ಗಲ್ಲಿಯ ತುದಿಯ ಅಕ್ಕಿ ಅಂಗಡಿಗೆ ಬೊಂಬಾಯಿಯಿಂದ ದುಲ್ಹಾಭಾಯಿಯ ಟ್ರಂಕ್ ಕಾಲ್ ಬಂತು. ಅಬ್ಬಾ ಓಡಿದರು. ಲೈನಿನಲ್ಲಿ ಗಾಳಿ ಬೀಸಿದ ಹಾಗೆ ಸದ್ದು. ಅದರ ನಡುವೆ ಅಬ್ಬಾಗೆ ಕೇಳಿಸಿದ್ದು ಇಷ್ಟು: ಬಹರೈನ್ ಅಲ್ಲವಂತೆ, ಬೇರೆ ದ್ವೀಪವಂತೆ, ನಾಳೆ ಹೊರಡುತ್ತಾರಂತೆ. ಯಾವ ದ್ವೀಪ ಅಂತ ಕೇಳುವಷ್ಟರಲ್ಲಿ ಲೈನು ಹೋಯಿತು. ಆಮೇಲೆ ಅವರಿಂದ ಏನೂ ಬರಲಿಲ್ಲ.

ರಂಜಾನ್ ಬಂತು, ಹೋಯಿತು. ಅಬ್ಬಾ ಬೆಂಗಳೂರಿಗೆ ಹೋದರೆ ಏಜೆಂಟನ ರೂಮಿಗೆ ಬೀಗ. ಎದುರಿನ ಸೈಕಲ್ ಶಾಪಿನವನು, "ಅವ್ನು ಎದ್ದೋಗಿ ಯಾವ್ ಕಾಲ ಆಯ್ತು. ಬಹರೈನಿಗೂ ಕಳಿಸ್ತಿದ್ದ, ಮಾರಿಷಸ್‌ಗೂ ಕಳಿಸ್ತಿದ್ದ, ಮಾಲ್ಡೀವ್ಸ್‌ಗೂ ಕಳಿಸ್ತಿದ್ದ" ಅಂದನಂತೆ. ಅಬ್ಬಾ ಮನೆಗೆ ಬಂದು ಟೋಪಿ ತೆಗೆದು ಮೊಳೆಗೆ ಹಾಕಿ, ಮೂರೂ ಹೆಸರನ್ನು ನನಗೆ ಒಪ್ಪಿಸಿದರು, ನಾನು ಏನೋ ಮಾಡಬಲ್ಲೆ ಅನ್ನುವ ಹಾಗೆ.

ಆಪಾ ಅಷ್ಟರಲ್ಲಿ ಮಗಳನ್ನು ಕರೆದುಕೊಂಡು ತುಮಕೂರಿಗೆ ಬಂದಿದ್ದಳು. ಅವಳಿಗೆ ಊಟ ಸೇರುತ್ತಿರಲಿಲ್ಲ. ಪೋಸ್ಟ್‌ಮ್ಯಾನ್ ಗಲ್ಲಿಗೆ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವನು ನಮ್ಮ ಮನೆ ದಾಟುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗಲು ಶುರುಮಾಡಿದ್ದ. ಒಂದು ಸಂಜೆ ನಾನು ಶಾಲೆಯಿಂದ ಬಂದ ತಕ್ಷಣ ಅವಳು, "ಆ ಮೂರು ದೇಶಾನೂ ನಂಗೆ ಹೇಳ್ಕೊಡು" ಅಂದಳು.

ಹೆಡ್‌ಮಾಸ್ಟರನ್ನು ಕೇಳಿ ಶಾಲೆಯ ಅಟ್ಲಾಸ್ ತಂದೆ. ಆಪಾಗೆ ಅಲ್ಲಿವರೆಗೆ ಗೊತ್ತಿದ್ದ ದ್ವೀಪ ಲಂಕೆ ಒಂದೇ. ಲಂಕೆ ಪುಟದಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾಗಿತ್ತು. ಬಹರೈನ್ ಅರಬರ ನಾಡಿನ ಪಕ್ಕ ಒಂದು ಅಕ್ಕಿಕಾಳು. ಮಾರಿಷಸ್ ಆಫ್ರಿಕಾದ ಆಚೆ, ನೀಲಿಯ ನಡುವೆ ಒಂಟಿ ಚುಕ್ಕೆ. ಮಾಲ್ಡೀವ್ಸ್ ಎಲ್ಲಿದೆ ಅಂತ ಹುಡುಕುವುದೇ ಕಷ್ಟವಾಯಿತು. ನಮ್ಮ ದೇಶದ ತುದಿಯ ಕೆಳಗೆ, ಪುಟದ ಮಡಿಕೆಯಲ್ಲಿ, ಎಳ್ಳು ಚೆಲ್ಲಿದ ಹಾಗೆ ಉದ್ದಕ್ಕೆ ಚುಕ್ಕೆಗಳು.

"ಇದ್ರಲ್ಲಿ ಯಾವ್ದು?" ಅಂದಳು ಆಪಾ.

"ಅಷ್ಟೂ ಸೇರಿ ಒಂದು ದೇಶ. ಸಾವಿರಕ್ಕಿಂತ ಜಾಸ್ತಿ ದ್ವೀಪ ಇವೆಯಂತೆ."

ಅವಳು ಆ ಪುಟವನ್ನು ಅಂಗೈಯಿಂದ ಒತ್ತಿ ಹಿಡಿದು ಬಹಳ ಹೊತ್ತು ನೋಡಿದಳು. "ಇದು ಬ್ಯಾಡ" ಅಂದಳು, ತರಕಾರಿ ಆರಿಸುವವಳಂತೆ. ಆಮೇಲೆ ಅತ್ತಳು.

ಪ್ರತಿ ಶನಿವಾರ ಮಧ್ಯಾಹ್ನ ನಾನು ಲೈಬ್ರರಿಗೆ ಹೋಗಿ, ಸಿಕ್ಕಿದ್ದನ್ನು ಓದಿಕೊಂಡು ಬಂದು ಅವಳಿಗೆ ಹೇಳುತ್ತಿದ್ದೆ. ಶಾಲೆಯಲ್ಲಿ ನಾನು ಹೇಳುವ ಪಾಠ ಬೇರೆ. ಉದ್ದ ಅಗಲ, ಬೆಳೆ, ರಾಜಧಾನಿ. ಆಪಾಳ ಪ್ರಶ್ನೆಗಳೇ ಬೇರೆ. ಕುಡಿಯುವ ನೀರು ಎಲ್ಲಿಂದ ಬರುತ್ತೆ? ಖಾಯಿಲೆ ಬಿದ್ದರೆ ಆಸ್ಪತ್ರೆಗೆ ನಡೆದು ಹೋಗಬಹುದಾ? ನಮ್ಮ ಮಾತು ಬಲ್ಲವರು ಇದಾರಾ? ಯಜಮಾನ ಬಯ್ದರೆ ಬಿಟ್ಟು ಬರೋದಕ್ಕೆ ದಾರಿ ಇದೆಯಾ?

ಬಹರೈನಿನಲ್ಲಿ ಮಳೆಯೇ ಇಲ್ಲದಿದ್ದರೂ ಸಮುದ್ರದ ತಳದಲ್ಲಿ ಸಿಹಿನೀರಿನ ಬುಗ್ಗೆಗಳಿವೆ, ಆ ಹೆಸರಿಗೇ ಎರಡು ಸಮುದ್ರ ಅಂತ ಅರ್ಥ ಅಂದಾಗ ಅವಳಿಗೆ ಸ್ವಲ್ಪ ಉಸಿರು ಬಂತು. ಅಲ್ಲಿ ಖರ್ಜೂರದ ತೋಟಗಳಿವೆ, ದೊಡ್ಡ ಪೇಟೆ ಇದೆ, ನಮ್ಮ ಕಡೆಯವರು ತುಂಬ ಇದ್ದಾರೆ. ಮಾರಿಷಸ್‌ನಲ್ಲಿ ಚೂಪಾದ ಬೆಟ್ಟಗಳು, ಬೆಟ್ಟದ ಬುಡದವರೆಗೂ ಕಬ್ಬು. ಹಿಂದೆ ಬಿಹಾರದ ಕಡೆಯಿಂದ ಕಬ್ಬಿನ ಕೆಲಸಕ್ಕೆ ಹೋದವರ ಮೊಮ್ಮಕ್ಕಳು ಇನ್ನೂ ಹಿಂದಿಯಂಥ ಮಾತಾಡುತ್ತಾರೆ. ಆ ದೇಶದ ಮುದ್ರೆಯಲ್ಲಿ ಒಂದು ಹಕ್ಕಿ ಇದೆ, ಹಾರಲು ಬಾರದ ಹಕ್ಕಿ, ಈಗ ಒಂದೂ ಉಳಿದಿಲ್ಲ ಅಂದೆ. "ಅಂಥ ಹಕ್ಕೀನ ಯಾಕ್ ಮುದ್ರೇಲಿ ಇಟ್ಕೊಂಡವ್ರೆ?" ಅಂದಳು ಆಪಾ, ಬೇಸರದಿಂದ. ಮಾಲ್ಡೀವ್ಸ್‌ನ ಮುದ್ರೆಯಲ್ಲಿ ತೆಂಗಿನ ಮರ. ಅಲ್ಲಿ ಬೆಳೆಯುವುದು ತೆಂಗು, ಸಿಗುವುದು ಮೀನು, ಉಳಿದದ್ದೆಲ್ಲ ದೋಣಿಯಲ್ಲಿ ಬರಬೇಕು, ಅಕ್ಕಿಯೂ. ಇಡೀ ದೇಶದಲ್ಲಿ ಒಂದು ಗುಡ್ಡವೂ ಇಲ್ಲ. ಎಲ್ಲ ನೆಲವೂ ಸಮುದ್ರದಿಂದ ಒಂದಾಳೆತ್ತರ ಇದ್ದರೆ ಹೆಚ್ಚು.

"ಒಂದು ದ್ವೀಪದಿಂದ ಇನ್ನೊಂದಕ್ಕೆ?"

"ದೋಣಿ ಬಂದ್ರೆ ಉಂಟು."

ಅಟ್ಲಾಸಿನ ಕೊನೆಯಲ್ಲಿ ಎಲ್ಲ ದೇಶಗಳ ಬಾವುಟಗಳ ಪುಟ ಇತ್ತು. ಆಪಾ ಮೂರನ್ನೂ ಬಾಯಿಪಾಠ ಮಾಡಿಕೊಂಡಳು. ಬಹರೈನಿನದು ಕೆಂಪು, ಒಂದು ಪಕ್ಕ ಗರಗಸದ ಹಲ್ಲಿನಂಥ ಬಿಳಿ ಅಂಚು. ಮಾರಿಷಸ್‌ನದು ಕೆಂಪು, ನೀಲಿ, ಹಳದಿ, ಹಸಿರು ಪಟ್ಟಿಗಳು. ಮಾಲ್ಡೀವ್ಸ್‌ನದು ಕೆಂಪಿನ ನಡುವೆ ಹಸಿರು, ಹಸಿರಿನ ನಡುವೆ ಬಿಳಿ ಚಂದ್ರ. "ಹೊರಗಿಂದ ಬಂದೋರು ಯಾರಾದ್ರೂ ಸಿಕ್ಕಿದ್ರೆ ಬಾವುಟ ಹೆಂಗಿತ್ತು ಅಂತ ಕೇಳ್ಬೇಕು ಕಣೇ. ಊರಿನ ಹೆಸರು ಮರೀತಾರೆ, ಬಣ್ಣ ಮರಿಯಲ್ಲ" ಅಂದಳು. ನಿಜಕ್ಕೂ ಕೇಳಿದಳು. ಬಹರೈನಿನಿಂದ ತಮ್ಮ ತಂಗಿಯ ಮದುವೆಗೆ ಬಂದಿದ್ದ ಒಬ್ಬರ ಮನೆಗೆ ನನ್ನನ್ನು ಎಳೆದುಕೊಂಡು ಹೋದಳು. ಅವರು ಮರ್ಯಾದೆಯಿಂದ ಕೂರಿಸಿ, "ಚಿಕ್ಕ ಜಾಗಮ್ಮ ಅದು. ತುಮಕೂರೋರು ಬಂದ್ರೆ ಶುಕ್ರವಾರ ನಮಾಜ್ ಆದ್ಮೇಲೆ ಗೊತ್ತಾಗೇ ಆಗುತ್ತೆ. ನಾನಂತೂ ನೋಡ್ಲಿಲ್ಲ. ಹೋದ್ಮೇಲೆ ವಿಚಾರಿಸ್ತೀನಿ" ಅಂದರು. ದಾರಿಯಲ್ಲಿ ಆಪಾ, "ವಿಚಾರಿಸ್ತೀನಿ ಅಂದ್ರಲ್ಲ, ಇರ್ಬೋದು ಅಂತ ತಾನೇ?" ಅಂತ ಮನೆ ಮುಟ್ಟುವವರೆಗೂ ಕೇಳುತ್ತಲೇ ಇದ್ದಳು.

ಹೀಗೆ ಒಂದು ಮಳೆಗಾಲ ಕಳೆಯಿತು. ಒಂದು ದಿನ ಕುಣಿಗಲ್ಲಿನಿಂದ ಬಂದ ಬಸ್ ಕಂಡಕ್ಟರ್ ಅಬ್ಬಾನ ಅಂಗಡಿಗೆ ಬಂದು, ಆಪಾಳ ಅತ್ತೆ ಹೇಳಿ ಕಳಿಸಿದ್ದಾರೆ, ಮಗನ ಸುದ್ದಿ ಬಂದಿದೆಯಂತೆ, ಆಪಾ ಕೂಡಲೇ ಬರಬೇಕಂತೆ ಅಂತ ಹೇಳಿ ಹೋದ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾನೂ ಆಪಾನೂ ಮುಂದಿನ ಬಸ್ಸು ಹತ್ತಿದೆವು. ನನ್ನ ಮೊಣಕೈಯನ್ನು ಹಿಡಿದ ಆಪಾ ಕುಣಿಗಲ್ ಕೆರೆಯ ಏರಿ ಕಾಣಿಸಿದಾಗಲೂ ಬಿಟ್ಟಿರಲಿಲ್ಲ.

ಅತ್ತೆ ಅಂಗಡಿಯ ಹಲಗೆಯ ಮೇಲೆ ಕೂತಿದ್ದರು. ಒಲೆ ಆರಿಸಿದ್ದರು. ಅವರನ್ನು ನಾನೂ ಅಮ್ಮಾ ಅಂತಲೇ ಕರೆಯುತ್ತಿದ್ದೆ. ನಡೆದದ್ದು ಇಷ್ಟು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಬಸ್ಸು ಟೀಗೆ ನಿಂತಾಗ ಒಬ್ಬ ಬಡಗಿ ಇಳಿದು, ಈ ಅಂಗಡಿಯನ್ನೇ ಕೇಳಿಕೊಂಡು ಬಂದಿದ್ದ. ದುಲ್ಹಾಭಾಯಿ ಕೆಲಸ ಮಾಡುವ ಕಡೆಯೇ ಅವನೂ ಇದ್ದನಂತೆ. ಸಮುದ್ರದ ದಡದಲ್ಲಿ ಬೆಳ್ಳಗಿನ ಜನ ಬಂದು ಇಳಿದುಕೊಳ್ಳುವ ಹೋಟೆಲ್ಲು ಕಟ್ಟುತ್ತಿದ್ದಾರಂತೆ. ಕಬ್ಬಿಣದ ತೊಲೆ ಬಿದ್ದು ದುಲ್ಹಾಭಾಯಿಯ ಕಾಲು ಜಜ್ಜಿದೆ, ಗಾಯ ಮಾಯುತ್ತಿಲ್ಲ, ಜ್ವರ ಬರುತ್ತಿದೆ, ಮನೆಗೆ ಹೇಳು ಅಂದರಂತೆ. ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದ. ಬಡಗಿ ಓಡಿಹೋಗಿ ಬಸ್ಸು ಹತ್ತಿದ.

"ಯಾವ ದೇಶ ಅಂದನಮ್ಮಾ?" ಅಂದೆ.

"ಅಂದ. ಏನೋ ಅಂದ. ಕಾಲು ಅಂದ್ಮೇಲೆ ನಂಗೆ ಇನ್ನೇನೂ ತಲೆಗ್ ಹತ್ಲಿಲ್ಲ ಕಣವ್ವ."

ಆಪಾ ಅವರ ಮುಂದೆ ನೆಲದ ಮೇಲೆ ಕೂತಳು. ಕೇಳಬೇಕಾದದ್ದನ್ನೆಲ್ಲ ಅವಳೇ ಕೇಳಿದಳು.

"ಬೆಟ್ಟ ಇದೆ ಅಂದ್ನಾ ಅಮ್ಮಾ? ಕಬ್ಬಿನ ಗದ್ದೆ?"

"ಬೆಟ್ಟ ಎಲ್ಲೀದು. ಈ ತುದೀಲಿ ನಿಂತ್ರೆ ಆ ತುದಿ ಕಾಣುತ್ತೆ ಅಂದ. ಬರೀ ಬೆಳ್ಳನೆ ಮಳ್ಳು."

ಮಾರಿಷಸ್ ಅಲ್ಲ. ಆಪಾ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಆಸೆ ಇತ್ತು. ಬಹರೈನಿನಲ್ಲೂ ಮರಳು ಇದೆ ಅಂತ ನಾನೇ ಹೇಳಿದ್ದೆ.

"ನಮ್ಮೋರೇನಾ ಅಲ್ಲಿ? ಮಸೀದಿ ಇದ್ಯಾ?"

"ಎಲ್ಲಾ ನಮ್ಮೋರೇ ಅಂತೆ. ಬರಿಯೋದೂ ನಮ್ ಥರಾನೇ ಬಲದಿಂದ ಎಡಕ್ಕಂತೆ. ಓದಿದ್ರೆ ಮಾತ್ರ ಒಂದಕ್ಷರ ತಿಳಿಯಲ್ವಂತೆ."

"ಮರ? ಖರ್ಜೂರದ ಮರ ಅಂದ್ನಾ?"

ಅತ್ತೆ ಯೋಚಿಸಿದರು. ನಾನು ಖರ್ಜೂರ ಅನ್ನಲಿ, ಖರ್ಜೂರ ಅನ್ನಲಿ ಅಂತ ಮನಸ್ಸಿನಲ್ಲೇ ಬೇಡುತ್ತಿದ್ದೆ. ಬಹರೈನಾದರೆ ಆಸ್ಪತ್ರೆ ಇದೆ, ರಸ್ತೆ ಇದೆ, ಶುಕ್ರವಾರ ಸೇರುವ ತುಮಕೂರಿನವರಿದ್ದಾರೆ.

"ತೆಂಗಿನ್ಮರ" ಅಂದರು ಅತ್ತೆ. "ಬೆಳಿಗ್ಗೆನೂ ಮೀನು, ಸಾಯಂಕಾಲಾನೂ ಮೀನು. ಮಳೆ ನೀರು ತೊಟ್ಟಿಲಿ ಹಿಡಿದು ಕುಡೀತಾರಂತೆ. ನಾಯಿನೇ ಇಲ್ವಂತೆ ಆ ಊರಲ್ಲಿ, ಒಂದೂ."

ಬಾವುಟದ ಬಣ್ಣ ಕೇಳುವ ಅಗತ್ಯ ನನಗಿರಲಿಲ್ಲ. ಆಪಾ ಆದರೂ ಕೇಳಿದಳು. ದೋಣಿಗೆ ಕಟ್ಟಿರ್ತಾರಂತೆ, ಕೆಂಪು ಬಟ್ಟೆ, ನಡುವೆ ಹಸಿರು ಅಂತ ಏನೋ ಅಂದ ಹಾಗಿತ್ತು ಅಂದರು ಅತ್ತೆ. ಆಪಾ ಎದ್ದು ಅಂಗಡಿಯ ಹಿಂದಕ್ಕೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಳು. ನಾನು ಹತ್ತಿರ ಹೋದಾಗ, "ಅಲ್ಲಿ ಡಾಕ್ಟ್ರು ಇರಲ್ಲ ಅಲ್ವಾ?" ಅಂದಳು. ರಾಜಧಾನಿಯಲ್ಲಿ ಇರುತ್ತಾರೆ ಅಂದೆ. "ದೋಣಿ ಬಂದ್ರೆ ತಾನೇ" ಅಂದಳು. ನಾನೇ ಹೇಳಿಕೊಟ್ಟ ಪಾಠ ಅದು. ಸುಳ್ಳು ಹೇಳೋಣವೆಂದರೆ ಅವಳು ನನ್ನಷ್ಟೇ ತಿಳಿದುಕೊಂಡುಬಿಟ್ಟಿದ್ದಳು.

ಆಮೇಲಿನ ದಿನಗಳಲ್ಲಿ ನಾವು ಮಾಡದ ಕೆಲಸವಿಲ್ಲ. ಮಾಲ್ಡೀವ್ಸ್‌ನಲ್ಲಿರುವ ನಮ್ಮ ದೇಶದ ಕಚೇರಿಗೆ ಹೆಡ್‌ಮಾಸ್ಟರ ಕೈಯಲ್ಲಿ ಇಂಗ್ಲಿಷಿನಲ್ಲಿ ತಂತಿ ಬರೆಸಿದೆ. ಅಬ್ಬಾ ತುಮಕೂರಿನ ಡಿ.ಸಿ. ಆಫೀಸಿನ ವರಾಂಡದಲ್ಲಿ ದಿನಗಟ್ಟಲೆ ಕೂತರು. ಯಾವ ದ್ವೀಪ ಅಂತ ಅಲ್ಲಿ ಕೇಳುತ್ತಿದ್ದರು. ಹೋಟೆಲ್ಲು ಕಟ್ಟುತ್ತಿರುವ ದ್ವೀಪ ಅನ್ನುವುದರ ಹೊರತು ನಮಗೆ ಏನು ಗೊತ್ತು? ಅಬ್ಬಾ ಮಂಗಳೂರಿಗೂ ಹೋಗಿ ಆ ಬಡಗಿಯನ್ನು ಹುಡುಕಿದರು. ಹೆಸರಿಲ್ಲದ ಮನುಷ್ಯ ಅಷ್ಟು ದೊಡ್ಡ ಊರಿನಲ್ಲಿ ಎಲ್ಲಿ ಸಿಗುತ್ತಾನೆ. ಆಪಾ ದಿನವೂ ಅಟ್ಲಾಸ್ ತೆಗೆದು ಆ ಎಳ್ಳುಕಾಳುಗಳ ಮೇಲೆ ಬೆರಳಿಡುತ್ತಿದ್ದಳು. ಒಂದು ದಿನ ಅವಳು ಸೂಜಿ ಹಿಡಿದು ಕೂತಿದ್ದನ್ನು ನೋಡಿದೆ. ಬೆರಳಿಟ್ಟರೆ ಹತ್ತಾರು ದ್ವೀಪ ಮುಚ್ಚಿಹೋಗುತ್ತವೆ, ಅದಕ್ಕೆ ಸೂಜಿ ಮೊನೆಯಿಂದ ಒಂದೊಂದನ್ನೇ ಮುಟ್ಟಿ ದುವಾ ಮಾಡುತ್ತಿದ್ದಾಳೆ.

ಚಳಿಗಾಲದಲ್ಲಿ ಡಿ.ಸಿ. ಆಫೀಸಿನ ಪ್ಯೂನ್ ಅಂಗಡಿಗೆ ಬಂದು ಅಬ್ಬಾನನ್ನು ಕರೆದುಕೊಂಡು ಹೋದ. ಅಲ್ಲಿನ ಅಧಿಕಾರಿ ಅಬ್ಬಾಗೆ ಕುರ್ಚಿ ಹಾಕಿಸಿದರಂತೆ. ಕುರ್ಚಿ ಹಾಕಿಸಿದಾಗಲೇ ತಿಳಿಯಿತು ಅಂತ ಅಬ್ಬಾ ಆಮೇಲೆ ಹೇಳಿದರು. ದುಲ್ಹಾಭಾಯಿ ತೀರಿಕೊಂಡು ತಿಂಗಳುಗಳೇ ಆಗಿದ್ದವು. ಬಡಗಿ ಕುಣಿಗಲ್ಲಿಗೆ ಬರುವ ಮೊದಲೇ. ಗಾಯದ ನಂಜು ಏರಿ ಹೋದರಂತೆ. ಆ ದ್ವೀಪದ ಜನರೇ ಸ್ನಾನ ಮಾಡಿಸಿ, ನಮಾಜ್ ಓದಿ, ಅಲ್ಲೇ ದಫನ್ ಮಾಡಿದರಂತೆ. ಅಧಿಕಾರಿ ದ್ವೀಪದ ಹೆಸರನ್ನೂ ಹೇಳಿ ಬರೆದುಕೊಟ್ಟಿದ್ದರು. ಅಟ್ಲಾಸಿನಲ್ಲಿ ಹುಡುಕಿದೆ. ಅಷ್ಟು ಚಿಕ್ಕ ದ್ವೀಪಕ್ಕೆ ಅದರಲ್ಲಿ ಹೆಸರೇ ಇರಲಿಲ್ಲ.

ಆಪಾ ಇದ್ದತ್ ಕೂತಳು. ಗಂಡನನ್ನು ಕಳಕೊಂಡ ಹೆಂಗಸು ಹೊರಗೆ ಕಾಲಿಡದೆ ಮನೆಯೊಳಗೇ ಕಳೆಯುವ ದಿನಗಳು ಅವು. ಅತ್ತೆಯನ್ನು ಕರೆಯಲು ಅಬ್ಬಾ ಕುಣಿಗಲ್ಲಿಗೆ ಹೋದರೆ ಅವರು ಬರಲೊಪ್ಪಲಿಲ್ಲ. "ಸಾವಿರ ದ್ವೀಪ ಅಂತೀರಾ. ಎಲ್ಲಾದ್ರಲ್ಲೂ ಹೋಟ್ಲು ಕಟ್ತಾವ್ರೆ ಅಂತೀರಾ. ಅಲ್ಲಿ ಸತ್ತಿರೋನು ನನ್ ಮಗಾನೇ ಅಂತ ನೋಡ್ದೋರ್ ಯಾರು? ಇನ್ಯಾವ್ದೋ ತಾಯಿ ಮಗ ಇರ್ತಾನೆ. ನಿಮ್ ಹುಡ್ಗಿಗೆ ಹೇಳಿ, ಬಳೆ ತೆಗೀಬೇಡ ಅಂತ" ಅಂದರಂತೆ. ಅಬ್ಬಾ ಇದನ್ನು ಹೇಳುವಾಗ ಆಪಾ ಬರಿಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಆ ಮಾತು ಅವಳೊಳಗೆ ಇಳಿಯಿತು. ಒಂದು ಬೆಳಿಗ್ಗೆ ನನ್ನ ಕಿವಿಯ ಹತ್ತಿರ ಬಂದು, "ಅಮ್ಮಾ ಹೇಳೋದೂ ಇರ್ಬೋದಲ್ವಾ?" ಅಂದಳು. ಇಲ್ಲ ಆಪಾ ಅಂದೆ. ಅವಳು ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು.

ಇದ್ದತ್ ಮುಗಿದ ಮೇಲೆ ಅಬ್ಬಾ ಅವಳಿಗೆ ಇನ್ನೊಂದು ಸಂಬಂಧ ನೋಡುತ್ತೇನೆ ಅಂದರು. ಅವಳು ಒಪ್ಪದೆ ಮಗಳ ಕೈ ಹಿಡಿದು ಕುಣಿಗಲ್ಲಿಗೆ ಹೋದಳು. ಅತ್ತೆ ಮಂಗಳೂರು ಬಸ್ಸು ನಿಂತಾಗಲೆಲ್ಲ ಒಲೆ ಬಿಟ್ಟು ಹೋಗಿ, ಇಳಿದವರನ್ನು ನೀವು ಸಮುದ್ರದ ಕಡೆಯಿಂದ ಬಂದ್ರಾ ಅಂತ ಕೇಳುತ್ತಿದ್ದರಂತೆ. ಹಾಲು ಉಕ್ಕಿ ಹೋಗುತ್ತಿತ್ತಂತೆ. "ಅವರೊಬ್ರೇ ಅಂಗಡಿ ನೋಡಕ್ಕಾಗಲ್ಲ" ಅನ್ನುವುದು ಆಪಾ ನಮಗೆ ಕೊಟ್ಟ ಕಾರಣ. ಒಂದೇ ಅಂಗಡಿಯಲ್ಲಿ ಒಬ್ಬಾಕೆ ಗಂಡ ಹೋದ ಅಂತ, ಇನ್ನೊಬ್ಬಾಕೆ ಮಗ ಬರುತ್ತಾನೆ ಅಂತ, ಇಬ್ಬರೂ ವರ್ಷಗಟ್ಟಲೆ ಟೀ ಕಾಯಿಸಿದರು.

ಎಂಬತ್ತೇಳರಲ್ಲಿ, ನಮ್ಮ ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿದ್ದ ಸಮಯ. ನಾನು ಮಕ್ಕಳನ್ನು ನೋಡಿಕೊಂಡು ರೂಮಿನಲ್ಲಿ ತಿರುಗಾಡುತ್ತಿದ್ದೆ. ಬಾಗಿಲಲ್ಲಿ ಬುರ್ಖಾ ಹಾಕಿದ ಹೆಂಗಸೊಬ್ಬಳು ನಿಂತಿದ್ದಳು. ಮುಸುಕು ಎತ್ತಿದಾಗ ನೋಡಿದರೆ ಆಪಾ. ಕುಣಿಗಲ್ಲಿನಿಂದ ತುಮಕೂರಿಗೆ, ಅಲ್ಲಿಂದ ಗುಬ್ಬಿಗೆ ಎರಡು ಬಸ್ಸು ಬದಲಾಯಿಸಿ ಒಬ್ಬಳೇ ಬಂದಿದ್ದಳು. ಪಕ್ಕದ ಮೇಷ್ಟರಿಗೆ ರೂಮು ಒಪ್ಪಿಸಿ ಹೊರಗೆ ಹೋದೆ.

"ರೇಡಿಯೋದಲ್ಲಿ ಹೇಳಿದ್ರು. ಅಲ್ಲಿ ಸಮುದ್ರ ಮೇಲಕ್ ಬಂದ್ಬಿಡ್ತಂತೆ. ಬೀದಿಗೆಲ್ಲ ನುಗ್ತಂತೆ" ಅಂದಳು. "ಯಾವ ದ್ವೀಪಕ್ ಬಂತು? ಅವರಿರೋದಕ್ಕಾ?"

ನಾನೂ ಕೇಳಿದ್ದೆ. ರಾಜಧಾನಿಗೆ ಅಲೆಗಳು ನುಗ್ಗಿದವು ಅಂತಷ್ಟೇ ಹೇಳಿದ್ದರು. ಬೇರೆ ದ್ವೀಪಗಳ ವಿಷಯ ಗೊತ್ತಿಲ್ಲ ಅಂದೆ.

"ರಾಜಧಾನಿಗೇ ಬಂದ್ಮೇಲೆ ಅಂಥ ಚಿಕ್ಕದ್ನ ಬಿಡುತ್ತಾ? ಒಂದಾಳೆತ್ತರ ಅಂತ ನೀನೇ ಹೇಳಿದ್ದೆ. ಅವರನ್ನ ಇಟ್ಟಿರೋದು ಅದರ ಕೆಳಗಲ್ವಾ?" ಅವಳು ಅಳಲಿಲ್ಲ. ವರಾಂಡದ ಕಂಬ ಹಿಡಿದು ನಿಂತೇ ಇದ್ದಳು. "ಸತ್ರು ಅಂತ ನಂಬ್ಕೊಂಡೆ. ಎಲ್ಲೋ ಒಂದ್ಕಡೆ ಮಣ್ಣಲ್ಲಿ ಅವ್ರೆ ಅಂತ ನಂಬ್ಕೊಂಡೆ. ಅದೂ ಇಲ್ಲ ಅಂದ್ರೆ ನಾನೇನ್ ಇಟ್ಕೊಳ್ಳಿ?"

ಭೂಗೋಳದಲ್ಲಿ ಎಂ.ಎ.ಯನ್ನೂ ಅಷ್ಟು ಹೊತ್ತಿಗೆ ಮಾಡಿಕೊಂಡಿದ್ದೆ. ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತೆ. ಗಂಟೆ ಹೊಡೆದು ಮಕ್ಕಳು ಹೊರಗೆ ಬರುವವರೆಗೂ ಹಾಗೇ ನಿಂತಿದ್ದೆವು. ಅತ್ತೆಗೆ ಈ ಸುದ್ದಿ ಹೇಳುವುದು ಬೇಡ ಅಂತ ಇಬ್ಬರೂ ಮಾತಾಡಿಕೊಂಡು, ಅವತ್ತು ನಾನೂ ಅವಳ ಜೊತೆ ಕುಣಿಗಲ್ಲಿಗೆ ಹೋದೆ.

ಸಂಜೆಯ ಹೊತ್ತಿಗೆ ಅಂಗಡಿ ತಲುಪಿದೆವು. ಅತ್ತೆ ಗಿರಾಕಿಗಳಿಗೆ ಟೀ ಸೋಸುತ್ತಿದ್ದರು. ನಮ್ಮನ್ನು ನೋಡಿ ಬಟ್ಟೆ ಬದಿಗಿಟ್ಟು ಎದ್ದರು. ಅಷ್ಟು ಉತ್ಸಾಹದ ಮುಖ ನಾನು ಅವರಲ್ಲಿ ಬಹಳ ವರ್ಷಗಳಿಂದ ನೋಡಿರಲಿಲ್ಲ.

"ಎಲ್ಲೋಗಿದ್ದೆ ನೀನು? ಎದುರು ಅಂಗ್ಡಿಯವ್ನು ರೇಡಿಯೋದಲ್ಲಿ ಕೇಳ್ಕೊಂಡ್ ಬಂದು ಹೇಳ್ದ" ಅಂದರು ಆಪಾಗೆ. "ಆ ದೇಶಕ್ಕೆಲ್ಲಾ ನೀರು ಬಂದ್ಬಿಟ್ಟದಂತೆ. ಇನ್ ಹೋಟ್ಲು ಯಾರ್ ಕಟ್ತಾರೆ? ಕೆಲ್ಸ ನಿಲ್ಲಿಸ್ತಾರೆ. ಈಗ್ಲಾದ್ರೂ ಬಿಡ್ತಾರೆ ಅವ್ನನ್ನ."

ಗಿರಾಕಿಗಳು ಲೋಟ ಕೆಳಗಿಟ್ಟರು. ನಾನು ಆಪಾಳ ಮುಖ ನೋಡಲಾರದೆ ರಸ್ತೆಯ ಕಡೆ ತಿರುಗಿದೆ.

"ಹೂಂ ಅಮ್ಮಾ. ಬಿಡ್ತಾರೆ" ಅಂದಳು ಆಪಾ. ಬುರ್ಖಾ ಕಳಚಿ ಮಡಿಸಿಟ್ಟು, ಲೋಟಗಳನ್ನು ಎತ್ತಿಕೊಂಡು ತೊಳೆಯಲು ಕೂತಳು. ಅತ್ತೆ ಅವಳ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು, ಮಗ ಬಂದ ಮೇಲೆ ಅಂಗಡಿಗೆ ತಗಡಿನ ಮಾಡು ಹಾಕಿಸಬೇಕು, ಅವನು ಕುಂಟುತ್ತಿದ್ದರೂ ಕೂತು ಮಾಡುವ ಕೆಲಸ ಏನಾದರೂ ಇದ್ದೇ ಇರುತ್ತದೆ ಅಂತ ಹೇಳುತ್ತಾ ಹೋದರು. ಆಪಾ ಒಂದೊಂದಕ್ಕೂ ಹೂಂ ಅನ್ನುತ್ತಿದ್ದಳು.

ಆ ದ್ವೀಪದ ಕಬರಸ್ತಾನ ಉಳಿದಿದೆಯೇ ಅಂತ ಕೇಳಿ ನಾನು ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಅತ್ತೆ ಮುಂದಿನ ವರ್ಷ ತೀರಿಹೋದರು. ಕೊನೆಯ ವಾರದಲ್ಲಿ ಅವರಿಗೆ ಬಿಸಿನೀರು ಕುಡಿಸುತ್ತಿದ್ದವಳು ಆಪಾ. ಅಂಗಡಿಯನ್ನು ಅವಳೇ ನಡೆಸಿಕೊಂಡು ಹೋದಳು. ಮಂಗಳೂರು ಬಸ್ಸು ನಿಂತಾಗ ಅವಳು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ತಲೆ ತಗ್ಗಿಸಿ ಟೀ ಕೊಡುತ್ತಿದ್ದಳು.